ನಪುಂಸಕಲಿಂಗ, ಏಕವಚನ

ಪುಟಕ್ಕೆ ನೂರಿಪ್ಪತ್ತು, ಸೀಲಿಗೆ ಬೇರೆ.
ವಿದ್ಯಾನಗರದ ಕೋರ್ಟಿನೆದುರು, ಝೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿ
ಇಪ್ಪತ್ತೆರಡು ವರ್ಷದಿಂದ ಮಾತು ದಾಟಿಸುತ್ತಿದ್ದೇನೆ:
ಬಾವಿಯ ಪಾಲು, ಬೇಲಿಯ ತಕರಾರು,
ಕನ್ನಡದ ಉಯಿಲಿಗೆ ಮಲಯಾಳದ ಅಂಗಿ.

ಇದು ಮಾತ್ರ ಹೊಸತು. ಯುಟ್ರೆಕ್ಟ್ ಎಂಬ ಊರಿನಿಂದ
ನೂರಹನ್ನೊಂದು ಪುಟ, ನೀಲಿ ದಾರ, ಅರಗಿನ ಮುದ್ರೆ.
ಒಂದನೇ ಎದುರುವಾದಿ ಹರಿಣಾಕ್ಷಿ, ನರ್ಸು, ಆರಿಕ್ಕಾಡಿಯವಳು.
ಎರಡನೆಯವರು ಅವಳ ತಾಯಿ ಸೇಸಮ್ಮ.
ಅವರಿಗೆ ಕನ್ನಡ ಅಕ್ಷರ ಬಿಟ್ಟು ಬೇರೆ ಬಾರದು,
ಅದಕ್ಕೇ ಕಾಗದ ನನ್ನ ಮೇಜಿಗೆ ಬಂತು.
ಆರೋಪ: ಅಪಹರಣ.
ಅಪಹರಿಸಿದ್ದು ತಾನೇ ಹೆತ್ತ ಇಳಾಳನ್ನು. ಆರು ವರ್ಷ, ಎರಡು ತಿಂಗಳು.

ಆ ಪದ ಬರೆದು ಪೆನ್ನು ಕೆಳಗಿಟ್ಟೆ.
ಅಪಹರಣವೆಂದರೆ ನನಗೆ ಬಯಲಾಟದ ಬಣ್ಣದ ವೇಷ,
ಆಕಾಶದಲ್ಲಿ ರಥ, ಕೆಳಗೆ ಉದುರುವ ಒಡವೆ.
ಇವಳು ಎರಡು ಸೂಟ್‌ಕೇಸು, ಒಂದು ಜ್ವರದ ಸಿರಪ್ಪು ಹಿಡಿದು
ಕಣ್ಣೂರಿನಲ್ಲಿ ವಿಮಾನ ಇಳಿದು, ಪ್ಯಾಸೆಂಜರ್ ರೈಲಿನಲ್ಲಿ
ಕುಂಬಳೆಯವರೆಗೆ ನಿಂತೇ ಬಂದವಳು.

'ವಾಡಿಕೆಯ ವಾಸಸ್ಥಳ.' ಮೂರು ಸಲ ಹೊಡೆದುಹಾಕಿದೆ.
ಈ ಊರಿನಲ್ಲಿ ಇದನ್ನು ಹೇಗೆ ಹೇಳುವುದು?
ನನ್ನ ಅಪ್ಪ ಹುಟ್ಟಿದ ಕೋಣೆಯಲ್ಲೇ ತೀರಿಕೊಂಡ;
ಹೊಸ್ತಿಲು ದಾಟದೆ ಜಿಲ್ಲೆ ಬದಲಿಸಿದ, ರಾಜ್ಯ ಬದಲಿಸಿದ,
ರೇಷನ್ ಕಾರ್ಡಿನಲ್ಲಿ ತನ್ನ ಹೆಸರು ತನಗೇ ಓದಲು ಬಾರದವನಾದ.
ಅವನನ್ನು ಯಾರೂ ಎತ್ತಿಕೊಂಡು ಹೋಗಲಿಲ್ಲ,
ಗೆರೆಯೇ ನಡೆದು ಬಂತು.

ಮೊದಲು ಮರಳಿಸಿ, ಸರಿತಪ್ಪು ಆಮೇಲೆ, ಎನ್ನುತ್ತದಂತೆ ಹೇಗ್ ಒಪ್ಪಂದ.
'ನಮ್ಮ ದೇಶದ ಸಹಿ ಅದರಲ್ಲಿ ಇಲ್ಲ' ಎಂದರು ವಕೀಲ ಮೊಯ್ದೀನ್ ಕುಂಞಿ,
'ಆದರೂ ಮನುಷ್ಯರ ಹಕ್ಕು ಅಂತ ಒಂದುಂಟಲ್ಲ.'
ಉಂಟು. ಅದೇ ಕಷ್ಟ.
ಕುಟುಂಬ ಜೀವನದ ಹಕ್ಕು ಅಂತ ಅವನು ಬೊಟ್ಟಿಟ್ಟ ಸಾಲಿಗೇ
ಇವಳೂ ಬೊಟ್ಟಿಟ್ಟಿದ್ದಾಳೆ.

ಗಂಭೀರ ಅಪಾಯ: ಜನವರಿಯ ಒಂದು ರಾತ್ರಿ,
ಬಾಲ್ಕನಿಯ ಹೊರಗೆ ಅವಳು, ನಲವತ್ತು ನಿಮಿಷ, ಬರಿಗಾಲು.
ಬೀಗ ಹಿಮಕ್ಕೆ ಕಚ್ಚಿಕೊಂಡಿತ್ತು, ಎನ್ನುತ್ತಾನೆ ಅವನು.
ಅನುವಾದಕಿಗೆ ಅಭಿಪ್ರಾಯ ಇರಬಾರದು.
ದಾಖಲೆ ಹದಿನಾಲ್ಕು: ಪುಟ್ಟ ಸೈಕಲ್ಲಿನ ಫೋಟೋ.
ಸೀಟನ್ನು ಒಂದಂಗುಲ ಏರಿಸಿಟ್ಟಿದ್ದೇನೆ, ಬೆಳೆದಿರುತ್ತದೆ, ಎಂದು
ಅಂಚಿನಲ್ಲಿ ಕೈಬರಹ. ಆ ಪುಟಕ್ಕೆ
ನಾನು ದುಡ್ಡು ಲೆಕ್ಕ ಹಾಕಲಿಲ್ಲ.

ಬೆಳೆದಿರುತ್ತದೆ. ಹೌದು, ನಮ್ಮ ಭಾಷೆಯಲ್ಲಿ ಮಗು 'ಅದು'.
ಅತ್ತಿತು, ಮಲಗಿತು, ಹಾಲು ಕಕ್ಕಿತು.
ಮುದ್ದಿನಲ್ಲಿ ಯಾರಿಗೂ ಅದು ಚುಚ್ಚುವುದಿಲ್ಲ.
ಆದರೆ ಪುಟದಿಂದ ಪುಟಕ್ಕೆ
'ಅದನ್ನು ಹಿಂದಿರುಗಿಸತಕ್ಕದ್ದು' ಎಂದು ಬರೆಯುತ್ತ ಬಂದಾಗ
ಅವಧಿ ಮೀರಿದ ಲೈಬ್ರರಿ ಪುಸ್ತಕದ ನೆನಪಾಯಿತು.

ಸಹಿಗೆ ಬಂದ ದಿನ ಅವಳೂ ಬಂದಿದ್ದಳು,
ನನ್ನ ಸ್ಟೂಲಿನಲ್ಲಿ ಕಾಲಾಡಿಸುತ್ತ, ಮೊಣಕಾಲಿಗೆ ಬ್ಯಾಂಡೇಜು.
'ತೌಸ್' ಅಂದಳು, ಯಾರನ್ನೂ ನೋಡದೆ.
ಸೇಸಮ್ಮ ನಕ್ಕರು: ಬಂದಂದಿನಿಂದ ಹೀಗೇ,
ತೌತೆ ಕೇಳುತ್ತಿದ್ದಾಳೆಂದು ವಾರವಿಡೀ ತೌತೆಯ ಹುಳಿ ಮಾಡಿದೆ,
ಪಾಪ, ತಿಂದಳು ಸಹ.
ಹರಿಣಾಕ್ಷಿ ಮಾತ್ರ ಕಿಟಕಿಯತ್ತ ತಿರುಗಿದಳು.
'ಮನೆ ಅಂತ. ಮನೆಯಲ್ಲಿ, ಅಂತ.'
ಯಾವುದು ಎಂದು ಕೇಳಲಿಲ್ಲ ನಾನು.
ಕೇಳಬೇಕಾದವರು ಕೇಳಲಿ, ಅದಕ್ಕೂ ಒಂದು ವಿಧಿ ಇದೆ:
ಮಗುವಿನ ಮಾತಿಗೆ ಕಿವಿಗೊಡಬೇಕು, ವಯಸ್ಸಿಗೆ ತಕ್ಕ ತೂಕದಲ್ಲಿ.
ಆರು ವರ್ಷದ ತೂಕ ಎಷ್ಟು ಕಿಲೋ?

ಆ ರಾತ್ರಿ ಮೊದಲಿನಿಂದ ಕೂತು
ಅದು ಇದ್ದಲ್ಲೆಲ್ಲ ಅವಳು ಎಂದು ತಿದ್ದಿದೆ.
ಅವಳನ್ನು. ಅವಳಿಗೆ. ಅವಳ.
ಬೆಳೆದಿರುತ್ತಾಳೆ.

ಶಿರಸ್ತೇದಾರರು ಕೆಂಪು ಸುತ್ತು ಹಾಕಿ ವಾಪಸು ಕಳಿಸಿದ್ದಾರೆ:
ಮಗು, ನಪುಂಸಕಲಿಂಗ, ಏಕವಚನ. ಸರಿಪಡಿಸಿ.
ವಾಯಿದೆ ಗುರುವಾರ.
'ನನಗೆ ತಿಳಿದಮಟ್ಟಿಗೆ ನಿಜವಾದ ಅನುವಾದ' ಎಂಬ ಸೀಲು
ಶಾಯಿ ಒಣಗಿ ಮೇಜಿನ ಮೇಲೆ ಮಗುಚಿ ಬಿದ್ದಿದೆ.
ಕಾಗದ ಹಾಗೇ ಇದೆ.