ಹತ್ತು ಡೆಸಿಬೆಲ್

ಸೊಹಾರ್ ಬಂದರಿನ ಗೇಟಿನ ಹೊರಗೆ,
ಸ್ಪ್ಯಾನರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹಿಡಿಯುವ ಹೊತ್ತಲ್ಲಿ
ಪಿಕಪ್ ತಂದು ನಿಲ್ಲಿಸಿದ ಮುರಾದ್ ಬಕ್ಷ್.
ಲಂಗರು ಹಾಕಿದ ಮಂಜಿಗಳಿಗೆ ಸಾಮಾನು ಮುಟ್ಟಿಸುವ ಕೆಲಸ ಅವನದು.
"ಸ್ಕ್ಯಾನರಿಗೆ ಕಿವುಡು ಬಂದಿದೆ ಮೇಸ್ತ್ರಿ,
ಇನ್ನೂ ಉದ್ದದ ಆಂಟೆನಾ ಹಾಕು."

ಇದ್ದದ್ದೇ ಆಳುದ್ದ. ಮಾಡಿನ ಮೇಲೆ
ಗಾಳದ ಕೋಲಿನ ಹಾಗೆ ಬಳುಕುತ್ತಿತ್ತು.
ಗುಂಡಿ ಒತ್ತಿದೆ. ದೋಣಿಗಳ ಚಾನೆಲ್ಲಿನಲ್ಲಿ
ಬಾಸ್ಮತಿ ಅಕ್ಕಿಯ ಜಾಹೀರಾತು,
ಅದರ ಬೆನ್ನ ಮೇಲೆ ಯಾವನೋ ವಾಚ್‌ಮನ್,
ಅವನ ಬೆನ್ನ ಮೇಲೆ ಕರ್ರೋ ಅನ್ನುವ ಹಲ್ಲು ಕಡಿತ.
ಯಾವುದೂ ಅಲ್ಲಿಯದಲ್ಲ.

ಕಿವುಡಲ್ಲ ಮಾರಾಯ, ಕಿವಿ ತುಂಬಿದೆ.
ಅಗೋ ರಸ್ತೆಯಾಚೆ ಕೆಂಪು ದೀಪದ ಟವರು,
ಇಲ್ಲಿ ಒಳಗೆ ಗುಲಗಂಜಿಯಷ್ಟು ಟ್ರಾನ್ಸಿಸ್ಟರ್.
ಗುಬ್ಬಿಯ ಬಾಯಿಗೆ ಕೊಡಪಾನ ಬಗ್ಗಿಸಿದರೆ?
ಉಸಿರು ಕಟ್ಟಿ ಅದು
ಎರಡು ದನಿ ಕೂಡಿಸಿ
ಎಲ್ಲೂ ಇಲ್ಲದ ಮೂರನೆಯದನ್ನು ಹೆರುತ್ತದೆ.

ಆಳುದ್ದವನ್ನು ಬಿಚ್ಚಿದೆ, ಮೊಳದ್ದನ್ನು ಕೂರಿಸಿದೆ.
ಕೇಬಲ್ಲಿನ ನಡುವೆ ಬೆಂಕಿಪೆಟ್ಟಿಗೆಯಷ್ಟು ಫಿಲ್ಟರು.
ಆಮೇಲೆ ಯಾರೂ ಮುಟ್ಟದ, ಧೂಳು ಹಿಡಿದ ಆ ಚಿಕ್ಕ ಗುಂಡಿ:
ಹತ್ತು ಡೆಸಿಬೆಲ್.
ಎಂದರೆ, ಬಂದ ಹತ್ತು ಪಾಲಿನಲ್ಲಿ
ಒಂಬತ್ತನ್ನು ಹೊಸ್ತಿಲಲ್ಲೇ ಚೆಲ್ಲುವುದು.

ಮೌನ.
"ಕೊಂದೆ" ಎಂದ ಮುರಾದ್.
ತಾಳು ಎಂದೆ. ಬೆವರು ಗಲ್ಲದಿಂದ ಇಳಿದು
ಸೀಟಿನ ಮೇಲೆ ಬಿತ್ತು, ಅದರ ಸದ್ದೂ ಕೇಳಿದಂತಾಯಿತು.

ಆಗ ದೂರದಿಂದ, ದಾರದಷ್ಟು ಸಣ್ಣಗೆ,
ಹರಕು ಹಿಂದಿಯಲ್ಲಿ ಒಬ್ಬ ತಂಡೇಲ:
ಮೂರು ಡ್ರಮ್ ನೀರು, ಒಂದು ಚೀಲ ಈರುಳ್ಳಿ,
ಹುಡುಗನಿಗೆ ಜ್ವರದ ಮಾತ್ರೆ.
ಬೆಳಗಿನಿಂದ ಕೂಗುತ್ತಿದ್ದೇನೆ,
ಯಾರಾದರೂ ಇದ್ದೀರಾ?

ಸಿಟ್ಟಿರಲಿಲ್ಲ ಆ ದನಿಯಲ್ಲಿ.
ಎಷ್ಟನೆಯ ಸಲವೋ, ಪಾಠ ಒಪ್ಪಿಸುವವನ ಹಾಗೆ.
ಮುರಾದ್ ಮೈಕು ಹಿಡಿದು ಬೊಬ್ಬೆ ಹಾಕಿದ,
ನನ್ನ ಸಾಮಾನಿನ ಚೀಲ ಹಿಂದೆ ಇರುವಂತೆಯೇ
ಗಾಡಿ ಎತ್ತಿಕೊಂಡು ಹೋದ.

ಸಂಜೆ ಜಾಬ್ ಕಾರ್ಡು.
ಫಿಲ್ಟರ್ ಒಂದು, ಎರಡೂವರೆ ರಿಯಾಲ್.
ಅದರ ಕೆಳಗೆ ಬರೆದೆ: ಒಂಬತ್ತು ಪಾಲು ತೆಗೆದದ್ದು.
ಸೂಪರ್‌ವೈಸರ್ ಕುರ್ಯಾಕೋಸ್ ಕನ್ನಡಕ ಏರಿಸಿ ನೋಡಿ
"ತೆಗೆದದ್ದಕ್ಕೆ ಕಾಲಮ್ಮೆಲ್ಲಿದೆ?" ಎಂದು
ಅಡ್ಡಗೆರೆ ಎಳೆದ.

ಆ ಉದ್ದದ ಆಂಟೆನಾ ಈಗ ನಮ್ಮ ರೂಮಿನಲ್ಲಿದೆ.
ಅದರ ಮೇಲೆ ಆರು ಜನರ ಬನಿಯನ್ನು ಒಣಗುತ್ತದೆ.