ಲಾಳಿ ನಿಂತ ಸದ್ದು

ನೂರುಲ್ಲಾ ಸಾಬರ ಬಾಡಿಗೆ ಪುಸ್ತಕದಂಗಡಿ,
ಮಂಡಿಪೇಟೆ. ದಿನಕ್ಕೆ ಹತ್ತು ಪೈಸೆ.
ರಟ್ಟಿಗೆ ಸಿಮೆಂಟು ಚೀಲದ ಕಾಗದ, ಬೆನ್ನಿಗೆ ಗೋಂದು,
ಮೇಲೆ ನೇರಳೆ ಶಾಯಿ: ಹನ್ನೊಂದನೇ ಲಕೋಟೆ.
ಪತ್ತೇದಾರಿ. ಸಾಹಸಮಯ. ಹರಿದರೆ ದಂಡ.

ಅಪ್ಪನಿಗೆ ಅಕ್ಷರ ಬಾರದು.
ಹತ್ತಿ ಗಿರಣಿಯ ಮಗ್ಗದ ಖಾತೆ, ರಾತ್ರಿ ಪಾಳಿ,
ಇಪ್ಪತ್ತು ವರ್ಷದ ಸದ್ದು ಎರಡೂ ಕಿವಿ ತಿಂದಿತ್ತು.
ಸೈರನ್ನಿಗೆ ಮುಂಚೆ, ಅವ್ವ ಬುತ್ತಿ ಕಟ್ಟುವ ಹೊತ್ತಿಗೆ
ನಾನು ಎದುರು ಕೂತು ಕೂಗಿ ಓದಬೇಕು,
ಅವನು ನನ್ನ ಬಾಯಿ ನೋಡುತ್ತಾ ರೊಟ್ಟಿ ಮುರಿಯುತ್ತಾನೆ.

ಕತೆ ಇಷ್ಟೆ: ಭುಜಂಗರಾಯ, ಅಂಚೆ ವಿಂಗಡಿಸುವ ಗುಮಾಸ್ತ.
ಹತ್ತು ಇರಬೇಕಾದ ಕಟ್ಟಿನಲ್ಲಿ ಹನ್ನೊಂದು ಲಕೋಟೆ.
ಆ ಒಂದಕ್ಕಾಗಿ ಮುಂಬಯಿಯಲ್ಲಿ ಕೊಲೆ,
ಕೊಲೆ ಇವನ ತಲೆಗೆ.
ಪೊಲೀಸರು ಒಂದು ಕಡೆ, ಗೂಢಚಾರರು ಇನ್ನೊಂದು ಕಡೆ,
ನಡುವೆ ಚಪ್ಪಲಿ ಹರಿದ ಗುಮಾಸ್ತ, ಘಾಟು, ಸುರಂಗ, ಮಂಜು.
ಶತ್ರುವಿನ ಮುಖ ಯಾರೂ ಕಂಡಿಲ್ಲ,
ಇರುವುದು ಒಂದೇ ಗುರುತು:
ಗಡಿಯಾರಕ್ಕೆ ಎಡಗೈಯಲ್ಲಿ ಕೀಲಿ ಕೊಡುತ್ತಾನೆ.

ಹದಿಮೂರನೇ ರಾತ್ರಿ, ಪುಟ ಇನ್ನೂರ ಎಂಟು.
‘ಭುಜಂಗರಾಯ ಬಾಗಿಲು ತಳ್ಳಿದ. ಒಳಗೆ’
ಅಷ್ಟೆ. ಮುಂದೆ ರಟ್ಟು.
ಹದಿನಾರು ಪುಟ ಯಾರೋ ಕಿತ್ತಿದ್ದಾರೆ,
ಹೊಲಿಗೆಯ ದಾರ ಬಾಲದ ಹಾಗೆ ನೇತಾಡುತ್ತಿದೆ.
ಅಪ್ಪ ತುತ್ತು ಹಿಡಿದು ಕಾಯುತ್ತಿದ್ದಾನೆ.

ನನಗೂ ಹನ್ನೊಂದೇ ವರ್ಷ. ನಿಲ್ಲಿಸಲಿಲ್ಲ.
ಒಳಗೆ, ಎಂದೆ, ಯಾರೂ ಇರಲಿಲ್ಲ,
ಕಿಟಕಿಯಾಚೆ ರೈಲು ಹೊರಟಿತ್ತು.
ನಾನು ಕಂಡ ಊರು ಇದೊಂದೇ,
ರೈಲು ದಾವಣಗೆರೆಗೇ ಬರಬೇಕಾಯಿತು.
ಅಶೋಕ ರಸ್ತೆಯ ಗೇಟು ಬಿತ್ತು.
ಈಚೆ ಭುಜಂಗರಾಯ, ಆಚೆ ಶತ್ರು,
ನಡುವೆ ನಲವತ್ತೆರಡು ಡಬ್ಬಿಯ ಗೂಡ್ಸು, ಮುಗಿಯುವುದೇ ಇಲ್ಲ.
ಮುಗಿದಾಗ ನೋಡಿದರೆ ಎತ್ತಿನಗಾಡಿ, ಜಟಕಾ,
ಮಂಡಕ್ಕಿ ಮೂಟೆ ಹೊತ್ತವರು, ನೂರು ಮುಖ.
ಯಾರು?
ಆಗ ಗಿರಣಿ ಸೈರನ್ನು ಕೂಗಿತು.
ಊರಿಗೆ ಊರೇ ಕೈಗಡಿಯಾರ ತಿದ್ದಿಕೊಂಡಿತು
ಬಲಗೈಯಲ್ಲಿ.
ಒಬ್ಬನನ್ನು ಬಿಟ್ಟು.

ಅಪ್ಪ ತುತ್ತು ಬಾಯಿಗಿಟ್ಟ.
‘ಹಿಡಿದ್ರಾ?’
‘ಹಿಡಿದ್ರು.’
ಬುತ್ತಿ ತಗೊಂಡು ಎದ್ದ.

ಆಮೇಲೆ ಅದು ಸಿನಿಮಾ ಆಯಿತು, ಕಪ್ಪು ಬಿಳುಪು.
ಗಾಂಧಿ ಕ್ಲಾಸಿನಲ್ಲಿ ಇಬ್ಬರೂ ಕೂತೆವು.
ಪುಸ್ತಕದಲ್ಲಿಲ್ಲದ ಹೆಂಗಸೊಬ್ಬಳು ಎರಡು ಸಲ ಕುಣಿದಳು,
ಕೊನೆಗೆ ಬಂದರು, ಹಡಗು, ಗುಂಡಿನ ಸದ್ದು.
ಮಂಡಕ್ಕಿ ಹೋಟೆಲಿನಲ್ಲಿ ಅಪ್ಪ ಮೇಜು ಗುದ್ದಿದ:
‘ಗೇಟೇ ತೆಗೆದುಬಿಟ್ಟಾರಲ್ಲೋ ಹಾಲೇಶಿ! ನಮ್ಮೂರ ಗೇಟು!
ಬುಕ್ಕಿನಾಗೆ ಐತಿ, ನನ್ ಮಗಳು ಓದ್ಯಾಳೆ.’
ಮಿರ್ಚಿ ಕಚ್ಚುತ್ತಿದ್ದ ಆರು ಮಂದಿ ಮಗ್ಗದವರು
ಸಿನಿಮಾದವರ ವಂಶ ಜಾಲಾಡಿದರು.
ನನ್ನ ಕಣ್ಣಲ್ಲಿ ನೀರು. ಖಾರ, ಎಂದೆ.

ಮತ್ತೆ ಬಣ್ಣದಲ್ಲಿ ಬಂತು. ಗುಮಾಸ್ತ ಕ್ಯಾಪ್ಟನ್ ಆಗಿದ್ದ,
ಲಕೋಟೆಯ ಬದಲು ಸೂಟ್‌ಕೇಸು, ಹೆಲಿಕಾಪ್ಟರು, ಹಿಮ.
ಗೇಟಿಲ್ಲ. ಅಷ್ಟು ಹೊತ್ತಿಗೆ ಅಪ್ಪನ ಗಿರಣಿಯೂ ಇರಲಿಲ್ಲ.
ಮೂರನೆಯದು ಟೀವಿಯಲ್ಲಿ, ಹದಿಮೂರು ಕಂತು.
ಅಪ್ಪ ಸದ್ದು ಪೂರ್ತಿ ಇಳಿಸಿ ಬಾಯಿಗಳನ್ನಷ್ಟೇ ನೋಡಿದ.
‘ಸುಳ್ಳು ಹೇಳ್ತಾರೆ’ ಎಂದ.

ಹೋದ ತಿಂಗಳು ರದ್ದಿ ಅಂಗಡಿಯಲ್ಲಿ ಸಿಕ್ಕಿತು ಪೂರ್ತಿ ಪ್ರತಿ.
ತಕ್ಕಡಿಯ ಪಕ್ಕ ನಿಂತೇ ಓದಿದೆ, ಹದಿನಾರೂ ಪುಟ.
ಹಡಗೇ ಇತ್ತು.
ಮನೆಗೆ ಬಂದು ಎದುರು ಕೂತೆ, ನಿಧಾನ, ತುಟಿ ಬಿಡಿಸಿ:
ಅಪ್ಪಾ, ಆವತ್ತು ಆ ಪುಸ್ತಕದಲ್ಲಿ...

ಕೈ ಎತ್ತಿದ, ಮಗ್ಗ ನಿಲ್ಲಿಸುವವನ ಹಾಗೆ.
‘ಓದೋವಾಗ ನಿನ್ ಕಣ್ಣು ಅತ್ತಿಂದಿತ್ತ ಓಡ್ತಿದ್ವು.
ಆವತ್ತು ನಿಂತ್ವು.
ಲಾಳಿ ನಿಂತಿದ್ದು ನನಗೆ ತಿಳಿಯಂಗಿಲ್ಲೇನು?’

ಮತ್ತೆ ಮೇಜು ಯಾಕೆ ಗುದ್ದಿದೆ ಎಂದು ಕೇಳಬೇಕಿತ್ತು.
ಅಷ್ಟರಲ್ಲಿ ಕನ್ನಡಕ ಒರೆಸಿಕೊಂಡು
ನನ್ನ ಬಾಯಿಯ ಮೇಲೆ ಕಣ್ಣಿಟ್ಟಿದ್ದ.
‘ಹೂಂ. ಬಾಗಿಲು ತಳ್ಳಿದ. ಒಳಗೆ?’

ಪುಟ ಇನ್ನೂರ ಒಂಬತ್ತು, ತೊಡೆಯ ಮೇಲೆ ಬಿಡಿಸಿಟ್ಟೆ.
ಒಳಗೆ, ಎಂದೆ, ಯಾರೂ ಇರಲಿಲ್ಲ,
ಕಿಟಕಿಯಾಚೆ ರೈಲು ಹೊರಟಿತ್ತು.
ಕಣ್ಣು ಮಾತ್ರ ಈ ಸಲ
ಸಾಲಿಂದ ಸಾಲಿಗೆ ಓಡಿಸುತ್ತಾ ಹೋದೆ.