ಬೆಳವಣಿಗೆ ಇದೆ

ಧೈದಿನಲ್ಲಿ ಫೆಬ್ರವರಿಯ ಮಂಜು
ಖರ್ಜೂರದ ಗರಿಯಿಂದ ತೊಟ್ಟಿಕ್ಕುವ ಹೊತ್ತಿಗೆ
ಇದ್ರೀಸ್ ಅವಳ ಬಾಲಕ್ಕೆ ಪಟ್ಟಿ ಸುತ್ತಿ ಮುಗಿಸಿದ್ದ.
ಘೈಮಾ ಅಂದರೆ ಮೋಡ. ಬೂದು ಮೈ, ಕಿವಿಯ ತುದಿ ಮಾತ್ರ ಕಪ್ಪು.
ಹನ್ನೆರಡು ವರ್ಷ, ನಾಲ್ಕು ಮರಿ,
ಒಂದು ದಿನ ಮೇವು ಬಿಟ್ಟವಳಲ್ಲ.
ಕುದುರೆ ಎನ್ನುವಾಗ ಅದು, ಘೈಮಾ ಎನ್ನುವಾಗ ಅವಳು,
ನನ್ನ ದಫ್ತರದಲ್ಲಿ ಇಪ್ಪತ್ತೇಳು.

ಮೂರು ಸಲ ತೊಳೆದೆವು.
ಡಾಕ್ಟರು ಭುಜದವರೆಗೆ ಕೈಗವಸು ಏರಿಸಿದರು.
ನಳಿಗೆಯೊಳಗೊಂದು ನಳಿಗೆ, ಅದರೊಳಗೆ ಹತ್ತಿ.
ಹೊರಗಿನದು ಒಳಹೋಗಬಾರದು,
ಒಳಗಿನದು ಯಾರನ್ನೂ ಮುಟ್ಟದೆ ಹೊರಬರಬೇಕು.
ನನ್ನಜ್ಜಿಯ ಮಡಿಯೂ ಇಷ್ಟು ಬಿಗಿಯಿರಲಿಲ್ಲ.
ಘೈಮಾ ಕಾಲು ಬದಲಿಸಿದಳು.
ಇದ್ರೀಸ್ ಅವಳ ಕಿವಿಯಲ್ಲಿ
ತನ್ನೂರಿನ ನದಿಯ ಹೆಸರು ಹೇಳಿದ.

ರಕ್ತದ ಅಗಾರ್, ಮೂವತ್ತೇಳು ಡಿಗ್ರಿ, ಎರಡು ರಾತ್ರಿ.
ಬೀದರಿನ ಕಾಲೇಜಿನಲ್ಲಿ ನಾನು ಬಾಯಿಪಾಠ ಮಾಡಿದ್ದು:
ಆರೋಗ್ಯವಂತ ಹೆಣ್ಣು ಕುದುರೆಯ ಗರ್ಭಕೋಶದಲ್ಲಿ
ಏನೂ ಇರುವುದಿಲ್ಲ.
ಎರಡು ಅಂಕದ ಪ್ರಶ್ನೆ. ಎರಡೂ ಸಿಕ್ಕಿದ್ದವು.

ಮೂರನೆಯ ಬೆಳಗ್ಗೆ ಮುಚ್ಚಳ ಎತ್ತಿದರೆ
ಸಾಸಿವೆಗಿಂತ ಸಣ್ಣ ಚುಕ್ಕೆಗಳು, ಇಬ್ಬನಿಯ ಹಾಗೆ,
ಕೆಲವಕ್ಕೆ ಸುತ್ತ ತಿಳಿಯಾದ ಬಳೆ.
ತಟ್ಟೆಯಲ್ಲಿ ಬೆಳೆಯಲೊಲ್ಲದವು ಇನ್ನೆಷ್ಟೋ.
ಅಬುಧಾಬಿಗೆ ಕಳಿಸಿದ ಸೀಸೆಯಿಂದ
ಅವುಗಳ ಅಕ್ಷರ ಮಾತ್ರ ವಾಪಸು ಬಂತು,
ನಾಲ್ಕೇ ಅಕ್ಷರದ ಭಾಷೆ,
ಪುಟಗಟ್ಟಲೆ ಹಾಜರಿ.

ಉರಿಯೂತವಿಲ್ಲ. ಕೀವಿನ ಕಣವಿಲ್ಲ. ನೀರು ತುಂಬಿಲ್ಲ.
ಆದರೂ ಮ್ಯಾನೇಜರ್ ಸುಹೈಲ್ ಫೋನಿನಲ್ಲಿ ಗುಡುಗಿದ:
ಬೀಜದ ಕುದುರೆಗೆ ದುಡ್ಡು ಕಟ್ಟಿಯಾಗಿದೆ,
ಔಷಧಿ ಹಾಕಿ, ತೊಳೆಯಿರಿ, ನನಗೆ ಮುಅಕ್ಕಮ್ ಬೇಕು,
ಒಂದು ಕ್ರಿಮಿಯೂ ಇರಕೂಡದು.
ಇದ್ರೀಸ್ ಸನಿಕೆ ಬದಿಗಿಟ್ಟು ನಕ್ಕ.
ಅವನ ಭಾಷೆಯಲ್ಲಿ ಅದೇ ಬೇರಿನಿಂದ
ಇನ್ನೊಂದು ಮಾತು ಹುಟ್ಟುತ್ತದಂತೆ: ಅಕೀಮ್.
ಬಂಜೆ.

ಹದಿಮೂರರಲ್ಲಿ ನನ್ನನ್ನು
ಕೊಟ್ಟಿಗೆಯ ಪಕ್ಕ ಕೂರಿಸಿದ್ದರು.
ತಟ್ಟೆ ಬೇರೆ, ಲೋಟ ಬೇರೆ, ಚಾಪೆ ಬೇರೆ.
ಮೂರು ದಿನ ನನ್ನ ಕೈ ಮುಟ್ಟಿದ್ದು
ಎಮ್ಮೆಯ ನಾಲಿಗೆಯೊಂದೇ.
ಈ ಮಾತು ವರದಿಯಲ್ಲಿ ಬರೆಯುವಂಥದ್ದಲ್ಲ.

ನನ್ನ ಕೋಣೆಯ ಫ್ರಿಜ್ಜಿನಲ್ಲಿ ಒಂದು ಬಟ್ಟಲು ಮೊಸರಿದೆ.
ನಾಲ್ಕು ವರ್ಷದ ಹಿಂದೆ ಕೆಳಗಿನ ಮಹಡಿಯ ಶೋಶಮ್ಮ
ಚಮಚದಲ್ಲಿ ತಂದುಕೊಟ್ಟ ಹೆಪ್ಪು.
ಆಕೆಗೆ ಕೊಟ್ಟವಳು ಯಾರೋ ಸಿಂಹಳದ ಹೆಂಗಸು,
ವೀಸಾ ಮುಗಿದು ಹೋಗಿದ್ದಾಳೆ.
ಅವಳ ಹೆಸರು ಯಾರಿಗೂ ಗೊತ್ತಿಲ್ಲ,
ಅವಳ ಹುಳಿ ನಮ್ಮ ನಾಲಿಗೆಯ ಮೇಲಿದೆ.

ಹೆಂಗಸರೊಳಗೂ ಇಂಥದೇ ಹುಳಿಯ ಬಳಗ ಕಾವಲಿಗಿರುತ್ತದೆ.
ಕುದುರೆಯಲ್ಲಿ ಅದು ಕಡಿಮೆ, ಇದ್ದರೂ ಅಲ್ಲೊಂದು ಇಲ್ಲೊಂದು.
ಅಲ್ಲಿ ಕಾಯುವವರು ಯಾರು,
ಸುಮ್ಮನೆ ಬಿಡಾರ ಹೂಡಿದವರು ಯಾರು,
ನಮ್ಮ ನಳಿಗೆಗೇ ಅಂಟಿಕೊಂಡು ಬಂದವರು ಯಾರು,
ನನಗೆ ತಿಳಿಯದು. ಡಾಕ್ಟರಿಗೂ ಪೂರ್ತಿ ತಿಳಿಯದು.
ನಾಲ್ಕು ಮರಿಗಳು ಅವರ ನಡುವೆಯೇ
ಹನ್ನೊಂದು ತಿಂಗಳು ಬೆಳೆದು
ಮುಂಗಾಲು ಮೊದಲು ಚಾಚಿ ಬಂದವು,
ಅಷ್ಟು ಗೊತ್ತು.

ಬರೆದೆ: ಬೆಳವಣಿಗೆ ಇದೆ. ಉರಿಯೂತ ಇಲ್ಲ. ಚಿಕಿತ್ಸೆ ಬೇಡ.
ಡಾಕ್ಟರು ಪೆನ್ನಿನ ಮುಚ್ಚಳ ತೆಗೆದು
ಸ್ವಲ್ಪ ಹೊತ್ತು ಹಾಗೇ ಕೂತಿದ್ದು
ಸಹಿ ಹಾಕಿದರು.
ಸುಹೈಲ್ ಎರಡು ದಿನ ನಮ್ಮ ಸಲಾಮಿಗೆ ಉತ್ತರಿಸಲಿಲ್ಲ.

ಗರ್ಭ ನಿಂತಿತೋ ಇಲ್ಲವೋ
ಹದಿನಾಲ್ಕನೆಯ ದಿನದ ಸ್ಕ್ಯಾನು ಹೇಳಬೇಕು.
ಈಗ ಅವಳು ಹಸಿರು ಜತ್ತಿನ ಕಟ್ಟನ್ನು
ಮೂತಿಯಿಂದ ಬಿಚ್ಚುತ್ತಿದ್ದಾಳೆ,
ಬೇಕಾದ್ದು ತಿಂದು ಬೇಡದ್ದು ತುಳಿಯುತ್ತ.

ರಾತ್ರಿ ಕೋಣೆಯಲ್ಲಿ ಹಾಲು ಕಾಯಿಸಿ
ಆರಲು ಬಿಟ್ಟು ಕಾದೆ.
ಬೆರಳದ್ದಿ ನೋಡಿದೆ.
ಥರ್ಮಾಮೀಟರು ಲ್ಯಾಬಿನಲ್ಲೇ ಇತ್ತು.
ಉಗುರುಬೆಚ್ಚಗಿತ್ತು,
ಬೆಳಗ್ಗೆ ಅವಳ ಪಕ್ಕೆಗೆ ಕೈಯಿಟ್ಟಾಗ ಇದ್ದಷ್ಟೇ.